'ಸೂರ್ಯ' ಎಂಬ ಪದದಿಂದ ಪ್ರಯೋಗಾಲಯದವರೆಗೆ: ಮುಂಬೈ, ಪುಣೆಯ ಕನ್ನಡಿಗರಿಗೆ ಅರಿವಿನ ನರವಿಜ್ಞಾನದ ದಾರಿ

ಮಾಟುಂಗದ ನಮ್ಮ ಮನೆಗೆ ಸಂಜೆ ಹೊತ್ತು ನಾಲ್ಕೈದು ಮಕ್ಕಳು ಕನ್ನಡ ಕಲಿಯಲು ಬರುತ್ತಾರೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಮರಾಠಿ, ಬೀದಿಯಲ್ಲಿ ಹಿಂದಿ, ನನ್ನ ಬಳಿ ಕನ್ನಡ. ಒಮ್ಮೆ ಮೂರನೆಯ ತರಗತಿಯ ಹುಡುಗಿಯೊಬ್ಬಳು ಮರಾಠಿ ಪುಸ್ತಕದಲ್ಲಿ 'ದಿವಸ' ಎಂದು ಬರೆಯುತ್ತಿದ್ದಳು. ನಾಗರಿ ಲಿಪಿಯಲ್ಲಿ ಇಕಾರದ ಗೆರೆ ದಕಾರದ ಎಡಕ್ಕೆ ಬರುತ್ತದೆ. ಅವಳು ಮೊದಲು ಗೆರೆ ಎಳೆದು ಆಮೇಲೆ ದಕಾರ ಬರೆದಳು. ಹತ್ತು ನಿಮಿಷ ಕಳೆದು ಕನ್ನಡದಲ್ಲಿ 'ಸೂರ್ಯ' ಬರೆಯಲು ಹೇಳಿದೆ. 'ಸೂ' ಬರೆದು ಕೈ ನಿಲ್ಲಿಸಿದಳು. ಕಿವಿಗೆ ಮೊದಲು ಬೀಳುವುದು ರಕಾರ, ಕಾಗದದ ಮೇಲೆ ಮೊದಲು ಬರಬೇಕಾದದ್ದು ಯಕಾರ, ಅದರ ಬಲಕ್ಕೆ ಅರ್ಕಾವೊತ್ತು. ಒಂದು ಲಿಪಿಯಲ್ಲಿ ಆಮೇಲೆ ಕೇಳಿಸುವ ಧ್ವನಿಯನ್ನು ಮೊದಲು ಬರೆಯಬೇಕು, ಇನ್ನೊಂದರಲ್ಲಿ ಮೊದಲು ಕೇಳಿಸುವುದನ್ನು ಆಮೇಲೆ ಬರೆಯಬೇಕು. ಆ ಮಗುವಿನ ಪೆನ್ಸಿಲ್ ಗಾಳಿಯಲ್ಲಿ ನಿಂತ ಎರಡು ಮೂರು ಸೆಕೆಂಡಿನಲ್ಲಿ ತಲೆಯೊಳಗೆ ಏನು ನಡೆಯಿತು?

ಅರಿವಿನ ನರವಿಜ್ಞಾನ ಎಂದರೆ ಇಂಥ ಪ್ರಶ್ನೆಯನ್ನು ಹಿಡಿದು ಕೊನೆಯವರೆಗೂ ಹೋಗುವುದು. ಸ್ನಾತಕೋತ್ತರ ಮಟ್ಟದಲ್ಲಿ ಇದನ್ನು ಓದಬೇಕೆಂದು ಕೇಳಿಕೊಂಡು ಬರುವ ನಮ್ಮ ಹುಡುಗ ಹುಡುಗಿಯರು ಸಾಮಾನ್ಯವಾಗಿ ಮಿದುಳಿನ ಬಣ್ಣಬಣ್ಣದ ಸ್ಕ್ಯಾನ್ ಚಿತ್ರಗಳಿಂದ ಆಕರ್ಷಿತರಾಗಿರುತ್ತಾರೆ. ನಾನು ಎಲ್ಲರಿಗೂ ಹೇಳುವುದು ಒಂದೇ: ಪ್ರಶ್ನೆ ಮೊದಲು, ಯಂತ್ರ ಆಮೇಲೆ. ಮುಂದಿನದೆಲ್ಲ ಅದೇ ಕ್ರಮದಲ್ಲಿದೆ. ಸೂರ್ಯನ ಅರ್ಕಾವೊತ್ತನ್ನೇ ಉದಾಹರಣೆಯಾಗಿ ಜೊತೆಗಿಟ್ಟುಕೊಂಡಿದ್ದೇನೆ.

ಮೊದಲ ಹೆಜ್ಜೆ: ಯಾವ ಬಾಗಿಲು ಎಂದು ತಿಳಿಯಿರಿ

ನಾನು ಈ ವಿಷಯ ಆರಿಸಿಕೊಂಡಾಗ, ಮೂವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕುಳಿತಿದ್ದ ಅಪ್ಪ ಕೇಳಿದ್ದರು: "ಇದನ್ನು ಓದಿದರೆ ರೋಗಿಗಳನ್ನು ನೋಡುವ ಡಾಕ್ಟರ್ ಆಗುತ್ತೀಯಾ?" ಆ ಪ್ರಶ್ನೆಗೆ ಉತ್ತರ ಮೊದಲೇ ಗೊತ್ತಿರಬೇಕು.

ಮನೋರೋಗ ಇರುವವರಿಗೆ ಪರೀಕ್ಷೆ, ಚಿಕಿತ್ಸೆ ನೀಡುವುದು ನಿಮ್ಮ ಗುರಿಯಾದರೆ ಅದು ಚಿಕಿತ್ಸಾ ಮನಃಶಾಸ್ತ್ರ. ಅದಕ್ಕೆ ಭಾರತೀಯ ಪುನರ್ವಸತಿ ಮಂಡಳಿ ಮಾನ್ಯ ಮಾಡಿದ ತರಬೇತಿ ಮತ್ತು ನೋಂದಣಿ ಬೇಕು. ಆ ಕೋರ್ಸುಗಳ ಸ್ವರೂಪ ಈಚಿನ ವರ್ಷಗಳಲ್ಲಿ ಬದಲಾಗುತ್ತಿದೆ, ಆದ್ದರಿಂದ ಸೇರುವ ಮುನ್ನ ಮಂಡಳಿಯ ಅಧಿಕೃತ ಪಟ್ಟಿಯಲ್ಲಿ ಕಾಲೇಜಿನ ಹೆಸರು ಇದೆಯೇ ಎಂದು ನೀವೇ ನೋಡಿ. ಇಲಿ, ನೊಣ, ಜೀವಕೋಶ, ಅಣುಗಳ ಮಟ್ಟದಲ್ಲಿ ನರಮಂಡಲವನ್ನು ಅರಿಯುವುದು ನರಜೀವಶಾಸ್ತ್ರ. ಗಮನ, ನೆನಪು, ಭಾಷೆ, ನಿರ್ಧಾರಗಳು ಮನುಷ್ಯನ ಮಿದುಳಿನಲ್ಲಿ ಹೇಗೆ ರೂಪುಗೊಳ್ಳುತ್ತವೆ ಎಂದು ಪ್ರಯೋಗದಿಂದ ಕೇಳುವುದು ಅರಿವಿನ ನರವಿಜ್ಞಾನ. ಈ ಕೊನೆಯದನ್ನು ಓದಿದವರು ಚಿಕಿತ್ಸೆ ನೀಡುವವರಾಗುವುದಿಲ್ಲ, ಸಂಶೋಧಕರಾಗುತ್ತಾರೆ. ಅಪ್ಪನಿಗೆ ಇದನ್ನು ಬಿಡಿಸಿ ಹೇಳಲು ನನಗೆ ಒಂದು ಇಡೀ ಭಾನುವಾರ ಬೇಕಾಯಿತು. ನೀವೂ ಆ ಭಾನುವಾರವನ್ನು ಮನೆಯವರಿಗೆ ಕೊಡಿ. ಎರಡು ವರ್ಷದ ಬಳಿಕ ಹುಟ್ಟುವ ಮನಸ್ತಾಪಕ್ಕಿಂತ ಅದು ಮೇಲು.

ಎರಡನೆಯ ಹೆಜ್ಜೆ: ನಿಮ್ಮದೇ ಒಂದು ಪ್ರಶ್ನೆ

ಇಲ್ಲಿ ಹೆಚ್ಚು ಹೊತ್ತು ನಿಲ್ಲಿ. ಮುಂಬೈ ಕನ್ನಡಿಗರ ಮನೆಯಲ್ಲಿ ಸಿಗುವ ಪ್ರಶ್ನೆಗಳು ಬೇರೆ ಕಡೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಹಿರಿಯರ ಜೊತೆ ಕುಳಿತು ಗಮನಿಸಿ. ನನ್ನ ಸೋದರತ್ತೆ ಕನ್ನಡದಲ್ಲಿ ಮಾತನಾಡುತ್ತಲೇ ಚಿಲ್ಲರೆ ಎಣಿಸುವಾಗ ತುಳುವಿಗೆ ಜಾರುತ್ತಾರೆ, ತರಕಾರಿಯವನ ಮುಖ ಕಂಡೊಡನೆ ಮರಾಠಿಗೆ ಹೊರಳುತ್ತಾರೆ. ಲೆಕ್ಕ ಯಾಕೆ ಮೊದಲು ಕಲಿತ ಭಾಷೆಯಲ್ಲೇ ಉಳಿಯುತ್ತದೆ? ಭಾಷೆ ಬದಲಿಸಲು ತಗಲುವ ಸಮಯವನ್ನು ಅಳೆಯಬಹುದೇ?

ಇಂಥ ಪ್ರಶ್ನೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಹೈದರಾಬಾದಿನ ಅಧ್ಯಯನ ಸಾಕ್ಷಿ. ಮರೆವಿನ ಕಾಯಿಲೆಯ (ಡಿಮೆನ್ಶಿಯಾ) 648 ರೋಗಿಗಳ ದಾಖಲೆಗಳನ್ನು ನೋಡಿದಾಗ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸ ಇತ್ತು. ಹಾಗಾಗಿ ಕೇವಲ ಶಿಕ್ಷಣದ ಪರಿಣಾಮ ಎಂದು ಅದನ್ನು ತಳ್ಳಿಹಾಕುವುದು ಕಷ್ಟವಾಯಿತು. ಈ ತೀರ್ಮಾನದ ಬಗ್ಗೆ ವಿಜ್ಞಾನಿಗಳಲ್ಲಿ ವಾದ ಇನ್ನೂ ಮುಗಿದಿಲ್ಲ. ಹೆಚ್ಚು ಶಾಲೆ ಕಾಣದೆ ನಾಲ್ಕೈದು ಭಾಷೆ ಕಲಿತವರು ಈ ವಾದಕ್ಕೆ ಎಷ್ಟು ಮುಖ್ಯ ಎಂದು ಯೋಚಿಸಿ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಒಂದು ತಲೆಮಾರೇ ನಮ್ಮ ನಡುವೆ ಇತ್ತು. ಅವರಲ್ಲಿ ಉಳಿದವರು ಈಗ ಎಂಬತ್ತು ದಾಟಿದ್ದಾರೆ.

ಅರ್ಕಾವೊತ್ತಿನ ಪ್ರಶ್ನೆಗೂ ಹಿನ್ನೆಲೆ ಇದೆ. ಕನ್ನಡ ಮಕ್ಕಳು ಅಕ್ಷರ ಕಲಿಯುವ ಬಗೆಯನ್ನು ಸೋನಾಲಿ ನಾಗ್ 2007ರಲ್ಲಿ ವಿವರವಾಗಿ ದಾಖಲಿಸಿದರು. ಇಂಗ್ಲಿಷಿನ 26 ಅಕ್ಷರಗಳಂತೆ ಒಂದು ವರ್ಷದಲ್ಲಿ ಮುಗಿಯುವ ಕಲಿಕೆ ಇದಲ್ಲ, ಗುಣಿತ ಮತ್ತು ಒತ್ತಕ್ಷರಗಳ ಹಿಡಿತ ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ. ನಾಗರಿ ಲಿಪಿಯ ಇಕಾರದ ಬಗ್ಗೆ ಜ್ಯೋತ್ಸ್ನಾ ವೈದ್ ಮತ್ತು ಅಶುಂ ಗುಪ್ತಾ 2002ರಲ್ಲಿ ಬರೆದರು. ಹೀಗೆ ಒಂದೊಂದೇ ಲಿಪಿಯನ್ನು ನೋಡಿದ ಕೆಲಸ ಇದೆ. ಎರಡನ್ನೂ ದಿನವೂ ಬರೆಯುವ ಮುಂಬೈಯ ಮಗುವಿನ ಪ್ರಶ್ನೆ ಅದರ ಪಕ್ಕದಲ್ಲೇ ಕಾದು ಕುಳಿತಿದೆ.

ಮೂರನೆಯ ಹೆಜ್ಜೆ: ತಳಪಾಯ

ಬಿಎ ಮನಃಶಾಸ್ತ್ರದಿಂದ ಬಂದವರಿಗೆ ಜೀವಶಾಸ್ತ್ರ ಮತ್ತು ಗಣಿತ ಕಡಿಮೆ, ಎಂಜಿನಿಯರಿಂಗಿನಿಂದ ಬಂದವರಿಗೆ ಮನಃಶಾಸ್ತ್ರದ ಪ್ರಯೋಗ ಪರಂಪರೆ ಹೊಸದು. ಯಾರೂ ಎಲ್ಲವನ್ನೂ ಹೊತ್ತು ಬರುವುದಿಲ್ಲ. ಒಂದು ವರ್ಷ ಇಟ್ಟುಕೊಂಡು ಕೊರತೆ ತುಂಬಿಕೊಳ್ಳಿ.

ಗಜಾನಿಗಾ, ಐವ್ರಿ, ಮ್ಯಾಂಗನ್ ಬರೆದ ಪಠ್ಯಪುಸ್ತಕವೊಂದನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದರೆ ವಿಷಯದ ನಕಾಶೆ ಸಿಗುತ್ತದೆ. ಹಳೆಯ ಆವೃತ್ತಿಯಾದರೂ ಸಾಕು. ಎಂಐಟಿಯಲ್ಲಿ ನ್ಯಾನ್ಸಿ ಕಾನ್ವಿಶರ್ ಮನುಷ್ಯ ಮಿದುಳಿನ ಬಗ್ಗೆ 2019ರಲ್ಲಿ ಮಾಡಿದ ತರಗತಿಗಳು ಉಚಿತವಾಗಿ ನೋಡಲು ಸಿಗುತ್ತವೆ. ಮುಖ ಗುರುತಿಸುವ ಮಿದುಳಿನ ಭಾಗದ ಬಗ್ಗೆ 1997ರ ಹೆಸರುವಾಸಿ ಪ್ರಬಂಧ ಬರೆದವರಲ್ಲಿ ಅವರೇ ಮೊದಲಿಗರು, ಹಾಗಾಗಿ ಪಾಠದಲ್ಲಿ ಕಂಡುಹಿಡಿದವರ ಸಂದೇಹಗಳೂ ಕೇಳಿಸುತ್ತವೆ.

ಸಂಖ್ಯಾಶಾಸ್ತ್ರವನ್ನು ಹೆದರಿ ಮುಂದೂಡಬೇಡಿ. ಮನಃಶಾಸ್ತ್ರದ ವಿದ್ಯಾರ್ಥಿಗಳು ಸೋಲುವುದು ಇಲ್ಲೇ ಎಂದು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಒಂದು ಲೆಕ್ಕವನ್ನು ಬಾಯಿಪಾಠ ಮಾಡಿ: ಎರಡು ಗುಂಪುಗಳ ನಡುವೆ ಮಧ್ಯಮ ಗಾತ್ರದ ವ್ಯತ್ಯಾಸ ಇದ್ದರೆ ಅದನ್ನು ಶೇಕಡಾ 80ರ ಸಾಧ್ಯತೆಯಲ್ಲಿ ಪತ್ತೆಹಚ್ಚಲು ಒಂದೊಂದು ಗುಂಪಿನಲ್ಲಿ 64 ಜನ ಬೇಕು. ಗುಂಪಿಗೆ 15 ಜನರನ್ನಿಟ್ಟುಕೊಂಡು ಮಾಡಿದ ಎಷ್ಟೋ ಪ್ರಬಂಧಗಳನ್ನು ಇದಾದ ಮೇಲೆ ನೀವು ಬೇರೆ ಕಣ್ಣಿನಿಂದ ಓದುತ್ತೀರಿ. ಜಾಸ್ಪ್ ಎಂಬ ಉಚಿತ ತಂತ್ರಾಂಶದಿಂದ ಶುರುಮಾಡಿ ಆರು ತಿಂಗಳಲ್ಲಿ ಆರ್ ಅಥವಾ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಬನ್ನಿ. 2020ರಲ್ಲಿ ಶುರುವಾದ ನ್ಯೂರೋಮ್ಯಾಚ್ ಎಂಬ ಆನ್‌ಲೈನ್ ಬೇಸಿಗೆ ಶಾಲೆ ಪೈಥಾನ್ ಸ್ವಲ್ಪ ಬಲ್ಲವರಿಗೆ ಬಹಳ ಒಳ್ಳೆಯದು.

ನಾಲ್ಕನೆಯ ಹೆಜ್ಜೆ: ಸೇರುವ ಮೊದಲೇ ಒಂದು ಪ್ರಯೋಗ

ಪ್ರವೇಶ ಪರೀಕ್ಷೆಗೆ ಓದುತ್ತಿರುವಾಗಲೇ ಒಂದು ಸಣ್ಣ ಪ್ರಯೋಗವನ್ನು ಪೂರ್ತಿಯಾಗಿ ಮಾಡಿ ಮುಗಿಸಿ. ಲ್ಯಾಪ್‌ಟಾಪ್ ಮತ್ತು ಸೈಕೋಪೈ ಎಂಬ ಉಚಿತ ತಂತ್ರಾಂಶ ಸಾಕು. ಅರ್ಕಾವೊತ್ತಿನ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ.

'ಚಕ್ರ' ಮತ್ತು 'ತರ್ಕ' ಎಂಬ ಎರಡು ಪದಗಳನ್ನು ಕಾಗದದ ಮೇಲೆ ಬರೆದು ನೋಡಿ. ಎರಡರಲ್ಲೂ ಕಕಾರ ಮೊದಲು, ರಕಾರದ ಗುರುತು ಆಮೇಲೆ. ಆದರೆ ಮೊದಲನೆಯದರಲ್ಲಿ ಕಕಾರ ಮೊದಲು ಕೇಳಿಸುತ್ತದೆ, ಎರಡನೆಯದರಲ್ಲಿ ರಕಾರ. ಕಣ್ಣಿಗೆ ಕಾಣುವ ಕ್ರಮ ಒಂದೇ, ಕಿವಿಯ ಕ್ರಮ ತಿರುವುಮುರುವು. ಪ್ರಯೋಗಕ್ಕೆ ಇಂಥ ಜೋಡಿಗಳೇ ಬಂಡವಾಳ. ಪತ್ರ, ಮಿತ್ರ, ಚಕ್ರದಂಥ ಇಪ್ಪತ್ತು ಪದ, ಮಾರ್ಗ, ಧರ್ಮ, ವರ್ಷದಂಥ ಇಪ್ಪತ್ತು ಪದ ಆರಿಸಿ. ಎರಡು ಪಟ್ಟಿಗಳ ಪದಗಳೂ ಉದ್ದದಲ್ಲಿ, ಬಳಕೆಯಲ್ಲಿ ಸರಿಸಮ ಇರಬೇಕು. 'ಧರ್ಮ' ದಿನಕ್ಕೆ ಹತ್ತು ಸಲ ಕಣ್ಣಿಗೆ ಬೀಳುವ ಪದ, 'ಅಭ್ರ' ವರ್ಷಕ್ಕೊಮ್ಮೆ. ಇವೆರಡನ್ನು ಎದುರುಬದುರು ಇಟ್ಟರೆ ನೀವು ಅಳೆಯುವುದು ಅರ್ಕಾವೊತ್ತನ್ನಲ್ಲ, ಪರಿಚಯವನ್ನು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ಸಂಗ್ರಹಿಸಿದ ಕನ್ನಡ ಪಠ್ಯರಾಶಿ ಇಂಥ ಎಣಿಕೆಗೆ ನೆರವಾಗುತ್ತದೆ. ಇನ್ನೂ ಚೊಕ್ಕ ಉಪಾಯ ಒಂದಿದೆ. ಅರ್ಕಾವೊತ್ತು ಬಿಟ್ಟು ರಕಾರದ ಕೆಳಗೆ ಕಕಾರದ ಒತ್ತು ಕೊಟ್ಟು 'ತರ್ಕ' ಬರೆಯುವ ರೂಢಿಯೂ ಕನ್ನಡದಲ್ಲಿದೆ. ಒಂದೇ ಪದದ ಎರಡು ರೂಪಗಳನ್ನು ಹೋಲಿಸಿದರೆ ಅರ್ಥ, ಉದ್ದ, ಬಳಕೆ ಎಲ್ಲವೂ ತಾನಾಗಿ ಸಮವಾಗುತ್ತವೆ. ಆ ರೂಪ ಕಣ್ಣಿಗೆ ಅಪರೂಪ ಎಂಬ ತೊಡಕು ಮಾತ್ರ ಉಳಿಯುತ್ತದೆ, ಅದಕ್ಕೆ ಬೇರೆ ಹೋಲಿಕೆ ಬೇಕಾಗುತ್ತದೆ.

ಪರದೆಯ ನಡುವೆ ಅರ್ಧ ಸೆಕೆಂಡ್ ಕೂಡಿಸುವ ಚಿಹ್ನೆ, ನಂತರ ಪದ. ಇದು ನಿಜವಾದ ಕನ್ನಡ ಪದವೇ ಅಲ್ಲವೇ ಎಂದು ಓದುಗರು ಆದಷ್ಟು ಬೇಗ ಎರಡು ಕೀಲಿಗಳಲ್ಲಿ ಒಂದನ್ನು ಒತ್ತಬೇಕು, ನೀವು ಅಳೆಯುವುದು ಒತ್ತಲು ತಗಲಿದ ಸಮಯವನ್ನು. 'ಅಲ್ಲ' ಎಂಬ ಉತ್ತರಕ್ಕೂ ಎಡೆಯಿರಲು ಅಷ್ಟೇ ಸಂಖ್ಯೆಯ ಸುಳ್ಳು ಪದಗಳನ್ನೂ ಸೇರಿಸಿ. ಒತ್ತಕ್ಷರಗಳು ಪರದೆಯ ಮೇಲೆ ಚದುರಿ ಕಾಣಿಸಿದರೆ ತಂತ್ರಾಂಶದ ಜೊತೆ ಗುದ್ದಾಡಬೇಡಿ, ಪ್ರತಿ ಪದವನ್ನೂ ಚಿತ್ರವಾಗಿ ಉಳಿಸಿ ಅದನ್ನೇ ತೋರಿಸಿ. ನಿಜವಾದ ಪರೀಕ್ಷೆಗೆ ಮೊದಲು ಹತ್ತು ಪದಗಳ ಅಭ್ಯಾಸ ಕೊಡಿ.

ನನ್ನ ಮೊದಲ ಪ್ರಯೋಗದಲ್ಲಿ 22 ಜನರಿಗೂ ಪದಗಳು ಒಂದೇ ಕ್ರಮದಲ್ಲಿ ಬಂದವು. ಕ್ರಮವನ್ನು ಕಲಸುವ ಒಂದು ಗುಂಡಿಯನ್ನು ನಾನು ಒತ್ತಿರಲಿಲ್ಲ. ಕೊನೆಯ ಪದಗಳಿಗೆ ಎಲ್ಲರೂ ನಿಧಾನವಾಗಿದ್ದರು. ಅದು ಪದದ ಕಷ್ಟವೋ ದಣಿವೋ ಎಂದು ಬೇರ್ಪಡಿಸುವ ದಾರಿಯೇ ಉಳಿಯಲಿಲ್ಲ. ಎರಡು ತಿಂಗಳು ಭಾನುವಾರಗಳಲ್ಲಿ ಲೋಕಲ್ ರೈಲು ಹತ್ತಿ ಡೊಂಬಿವಿಲಿಯಿಂದ ಮೀರಾ ರೋಡಿನವರೆಗೆ ಮನೆ ಮನೆ ಸುತ್ತಿ ಸೇರಿಸಿದ ದತ್ತಾಂಶ ಅದು. ಆಗ ಅತ್ತಿದ್ದೆ. ಅಂದಿನಿಂದ, ಮೊದಲ ಮೂರು ಜನರ ದತ್ತಾಂಶವನ್ನು ಪೂರ್ತಿ ವಿಶ್ಲೇಷಿಸಿ ನೋಡದೆ ನಾಲ್ಕನೆಯವರನ್ನು ಕೂರಿಸುವುದಿಲ್ಲ. ನೀವೂ ಹಾಗೇ ಮಾಡಿ.

ವಿಶ್ಲೇಷಣೆಯಲ್ಲಿ ಒಂದು ಸೂಕ್ಷ್ಮವಿದೆ. ಓದುಗರಂತೆ ಪದಗಳೂ ದೊಡ್ಡ ರಾಶಿಯಿಂದ ಆರಿಸಿದ ಒಂದು ಸಣ್ಣ ಮಾದರಿಯೇ. ನಿಮ್ಮ ಇಪ್ಪತ್ತು ಪದಗಳಿಗೆ ಸಿಕ್ಕ ಫಲಿತಾಂಶ ಕನ್ನಡದ ಉಳಿದ ಪದಗಳಿಗೂ ಅನ್ವಯಿಸುತ್ತದೆ ಎನ್ನಬೇಕಾದರೆ ಎರಡು ಬಗೆಯ ಏರಿಳಿತವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪದಗಳ ಏರಿಳಿತವನ್ನು ಬಿಟ್ಟುಬಿಡುವ ತಪ್ಪಿನ ಬಗ್ಗೆ ಮನಃಶಾಸ್ತ್ರಜ್ಞ ಹರ್ಬರ್ಟ್ ಕ್ಲಾರ್ಕ್ 1973ರಲ್ಲೇ ಎಚ್ಚರಿಸಿದ್ದರು. ಈಗ ಎರಡು ಏರಿಳಿತಗಳನ್ನೂ ಒಟ್ಟಿಗೆ ಲೆಕ್ಕ ಹಾಕುವ ಮಿಶ್ರ ಮಾದರಿಗಳೆಂಬ ವಿಧಾನದಿಂದ ಇದನ್ನು ಆರ್‌ನಲ್ಲಿ ಕೆಲವು ಸಾಲುಗಳಲ್ಲಿ ಮಾಡಬಹುದು. ನೀವು ಏನನ್ನು ನಿರೀಕ್ಷಿಸುತ್ತೀರಿ, ಹೇಗೆ ವಿಶ್ಲೇಷಿಸುತ್ತೀರಿ ಎಂದು ದತ್ತಾಂಶ ಸೇರಿಸುವ ಮುನ್ನವೇ ದಿನಾಂಕ ಹಾಕಿ ಬರೆದಿಡಿ.

ಇದು ಕಲಿಕೆಯ ಪ್ರಯೋಗ, ಆದ್ದರಿಂದ ವಯಸ್ಕ ಗೆಳೆಯರ ಮೇಲೆ, ಅವರ ಒಪ್ಪಿಗೆಯೊಂದಿಗೆ ಮಾತ್ರ ಮಾಡಿ. ಪ್ರಕಟಣೆಗಾಗಿ ಮಾಡುವ ಸಂಶೋಧನೆಗೆ ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಬೇಕು. ಮಕ್ಕಳಾದರೆ ತಂದೆ ತಾಯಿಯ ಒಪ್ಪಿಗೆಯ ಜೊತೆಗೆ ಮಗುವಿನ ಮನಸ್ಸನ್ನೂ ಕೇಳಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯನ್ನು ಒಮ್ಮೆ ಓದಿಕೊಳ್ಳಿ.

ಐದನೆಯ ಹೆಜ್ಜೆ: ಎಲ್ಲಿ ಓದುವುದು

ನಮ್ಮ ಊರುಗಳಲ್ಲಿ ಈ ವಿಷಯ ಒಂದೇ ಸೂರಿನಡಿ ಸಿಗುವುದಿಲ್ಲ, ಅಲ್ಲಲ್ಲಿ ಹರಡಿಕೊಂಡಿದೆ. ಮುಂಬೈ ವಿಶ್ವವಿದ್ಯಾಲಯದ ಅನ್ವಯಿಕ ಮನಃಶಾಸ್ತ್ರ ವಿಭಾಗ ಕಲಿನಾ ಆವರಣದಲ್ಲಿದೆ, ಕನ್ನಡ ವಿಭಾಗವೂ ಅದೇ ಆವರಣದಲ್ಲಿದೆ. ಭಾಷೆಯ ಬಗ್ಗೆ ಪ್ರಯೋಗ ಮಾಡುವವರಿಗೆ ಈ ನೆರೆಹೊರೆ ದೊಡ್ಡ ಅನುಕೂಲ. ಪೊವೈಯ ಐಐಟಿಯಲ್ಲಿ ಮಾನವಿಕ ವಿಭಾಗದಡಿ ಮನಃಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಬಹುದು. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನರಜೀವಶಾಸ್ತ್ರ ಬಲವಾಗಿದೆ. ಅದರದ್ದೇ ಭಾಗವಾಗಿ ಮಾನಖುರ್ದಿನಲ್ಲಿರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದಲ್ಲಿ ಕಲಿಕೆ ಮತ್ತು ಅರಿವಿನ ಬಗ್ಗೆ ಸಂಶೋಧನೆ ನಡೆಯುತ್ತದೆ. ಹಾರ್ಬರ್ ಮಾರ್ಗದ ಆ ಶಾಂತ ಆವರಣ ನಮ್ಮವರ ಕಣ್ಣಿಗೆ ಬೀಳುವುದು ಕಡಿಮೆ, ಒಮ್ಮೆ ಹೋಗಿ ಬನ್ನಿ. ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿಭಾಗ, ಪಾಷಾಣದಲ್ಲಿ 2006ರಲ್ಲಿ ಶುರುವಾದ ಐಸರ್ (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ) ಇವೆ. ಮೊದಲನೆಯದು ಮನಸ್ಸಿನ ಕಡೆಯಿಂದ, ಎರಡನೆಯದು ಜೀವಕೋಶದ ಕಡೆಯಿಂದ ಮಿದುಳನ್ನು ನೋಡುತ್ತದೆ.

ಅರಿವಿನ ವಿಜ್ಞಾನದ ಹೆಸರಿನಲ್ಲೇ ಸ್ನಾತಕೋತ್ತರ ಪದವಿ ಬೇಕಾದರೆ ಊರು ಬಿಡಲು ಸಿದ್ಧರಾಗಿ. ಅಲಹಾಬಾದ್ ವಿಶ್ವವಿದ್ಯಾಲಯದ ಕೇಂದ್ರ, ಹೈದರಾಬಾದ್ ವಿಶ್ವವಿದ್ಯಾಲಯ, ಗಾಂಧಿನಗರದ ಐಐಟಿ, ಸಂಶೋಧನೆಗೆ ಕಾನ್ಪುರದ ಐಐಟಿ, ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ನಿಮ್ಹಾನ್ಸ್ ಈ ಪಟ್ಟಿಯಲ್ಲಿವೆ. ಮುಂಬೈಯಲ್ಲಿ ಎಂಎ ಮಾಡಿ, ಪಿಎಚ್‌ಡಿಗೆ ಹೊರಡುವುದು ಖರ್ಚಿನ ದೃಷ್ಟಿಯಿಂದ ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಸರಿಹೊಂದುವ ದಾರಿ ಎಂದು ನನ್ನ ಅನಿಸಿಕೆ.

ಪರೀಕ್ಷೆಗಳ ವಿಷಯ ಚುಟುಕಾಗಿ. ಸಂಶೋಧನಾ ಶಿಷ್ಯವೇತನಕ್ಕೆ ಅರ್ಹತೆ ಕೊಡುವ ಯುಜಿಸಿ ನೆಟ್‌ನಲ್ಲಿ ಮೊದಲ ಪತ್ರಿಕೆಗೆ 100, ಮನಃಶಾಸ್ತ್ರಕ್ಕೆ 200 ಅಂಕ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಗೇಟ್ ಪರೀಕ್ಷೆಯಲ್ಲಿ 2021ರಿಂದ ಮಾನವಿಕ ಪತ್ರಿಕೆ ಸೇರಿದೆ, ಅದರಲ್ಲಿ ಮನಃಶಾಸ್ತ್ರವನ್ನು ಆರಿಸಿಕೊಳ್ಳಬಹುದು. ಬಹು ಆಯ್ಕೆಯ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಅಲ್ಲಿ ಅಂಕ ಕಳೆಯುತ್ತಾರೆ. ಕಿರಿಯ ಸಂಶೋಧನಾ ಶಿಷ್ಯವೇತನ 2023ರ ಪರಿಷ್ಕರಣೆಯ ಪ್ರಕಾರ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000. ಅಪ್ಪನಿಗೆ ಭಾನುವಾರ ಹೇಳಬೇಕಾದ ಮಾತುಗಳಲ್ಲಿ ಇದನ್ನೂ ಸೇರಿಸಿ.

ಆರನೆಯ ಹೆಜ್ಜೆ: ಈಗ ಯಂತ್ರ

ಇಇಜಿ ತಲೆಯ ಚರ್ಮದ ಮೇಲಿನ ವಿದ್ಯುತ್ ಏರಿಳಿತವನ್ನು ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಹಿಡಿಯುತ್ತದೆ, ಆದರೆ ಅದು ಮಿದುಳಿನ ಯಾವ ಮೂಲೆಯಿಂದ ಬಂತು ಎಂದು ಖಚಿತವಾಗಿ ಹೇಳಲಾರದು. ವಾಕ್ಯಕ್ಕೆ ಹೊಂದದ ಪದ ಬಂದಾಗ ಸುಮಾರು 400 ಮಿಲಿಸೆಕೆಂಡಿಗೆ ಕಾಣಿಸುವ ಅಲೆಯನ್ನು ಕುಟಾಸ್ ಮತ್ತು ಹಿಲ್ಯಾರ್ಡ್ 1980ರಲ್ಲಿ ವರದಿ ಮಾಡಿದ್ದು ಇದರಿಂದಲೇ. ಎಫ್‌ಎಂಆರ್‌ಐ ಎಂಬ ಮಿದುಳಿನ ಸ್ಕ್ಯಾನ್ ಜಾಗವನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ಅದು ಅಳೆಯುವುದು ನರಕೋಶದ ಮಿಡಿತವನ್ನಲ್ಲ, ಅದರ ಹಿಂದೆ ಬರುವ ರಕ್ತದ ಬದಲಾವಣೆಯನ್ನು. ಆ ಬದಲಾವಣೆ ತುದಿ ಮುಟ್ಟಲು ಐದಾರು ಸೆಕೆಂಡ್ ಬೇಕು. ಅರ್ಕಾವೊತ್ತಿನ ಪ್ರಶ್ನೆ ಕ್ರಮದ, ಅಂದರೆ ಸಮಯದ ಪ್ರಶ್ನೆ. ಆದ್ದರಿಂದ ದುಬಾರಿ ಸ್ಕ್ಯಾನರ್ ಇಲ್ಲಿ ತಪ್ಪು ಸಾಧನ, ಇಇಜಿ ಸರಿಯಾದ ಸಾಧನ. ಯಂತ್ರದ ಮೋಹದಿಂದ ಹೊರಟವರಿಗೆ ಈ ತೀರ್ಮಾನ ಹೊಳೆಯುವುದೇ ಇಲ್ಲ.

ಪ್ರಬಂಧಗಳನ್ನು ಓದುವಾಗಲೂ ಜಾಗರೂಕರಾಗಿರಿ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರಿನಲ್ಲಿಟ್ಟು ಮನುಷ್ಯರ ಚಿತ್ರಗಳನ್ನು 'ತೋರಿಸಿದರು'. ಸಾವಿರಾರು ಹೋಲಿಕೆಗಳನ್ನು ಒಟ್ಟಿಗೆ ಮಾಡುವಾಗ ಕೆಲವು ಆಕಸ್ಮಿಕವಾಗಿಯೇ ಫಲಿತಾಂಶದಂತೆ ಕಾಣುತ್ತವೆ, ಅದಕ್ಕೆ ಮಾಡಬೇಕಾದ ತಿದ್ದುಪಡಿ ಮಾಡದಿದ್ದಾಗ ಆ ಮೀನಿನ ಮಿದುಳಲ್ಲೂ ಚಟುವಟಿಕೆ ಕಂಡಿತು, ತಿದ್ದುಪಡಿ ಮಾಡಿದೊಡನೆ ಮಾಯವಾಯಿತು. 2015ರಲ್ಲಿ ಮನಃಶಾಸ್ತ್ರದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಶೇಕಡಾ 36ರಷ್ಟರಲ್ಲಿ ಮಾತ್ರ ಸಂಖ್ಯಾಶಾಸ್ತ್ರೀಯವಾಗಿ ಗಣನೀಯ ಫಲಿತಾಂಶ ಸಿಕ್ಕಿತು. ಇದನ್ನು ತಿಳಿದು ನಾನು ಒಮ್ಮೆ ಕಂಗೆಟ್ಟಿದ್ದೆ. ಈಗ ಅನಿಸುವುದು ಬೇರೆ: ತನ್ನ ತಪ್ಪನ್ನು ತಾನೇ ಅಳೆದು ಬಹಿರಂಗವಾಗಿ ಹೇಳಿಕೊಂಡ ವಿಷಯವಿದು, ಆ ಕಾರಣಕ್ಕೇ ಇದರ ಮೇಲೆ ನನಗೆ ಗೌರವ ಹೆಚ್ಚಿದೆ.

ಕೊನೆಯ ಹೆಜ್ಜೆ: ಮಾರ್ಗದರ್ಶಕರಿಗೆ ಪತ್ರ

ಸಂಸ್ಥೆಯ ಹೆಸರಿಗಿಂತ ಮಾರ್ಗದರ್ಶಕರು ಮುಖ್ಯ. ಅವರ ಈಚಿನ ಎರಡು ಪ್ರಬಂಧಗಳನ್ನು ಓದಿ. ಅವರ ವಿದ್ಯಾರ್ಥಿಗಳಲ್ಲಿ ಒಬ್ಬರನ್ನಾದರೂ ಮಾತನಾಡಿಸಿ, ಪಿಎಚ್‌ಡಿ ಮುಗಿಸಲು ಎಷ್ಟು ವರ್ಷ ಹಿಡಿಯಿತು ಎಂದು ಕೇಳಿ. ಪತ್ರ ಹತ್ತು ಸಾಲು ಮೀರಬಾರದು. ಒಂದೇ ಪತ್ರವನ್ನು ಐವತ್ತು ಜನರಿಗೆ ಕಳುಹಿಸಿದರೆ ಓದಿದವರಿಗೆ ಮೊದಲ ಸಾಲಿನಲ್ಲೇ ತಿಳಿಯುತ್ತದೆ. ಹೀಗೆ ಬರೆಯಿರಿ: ನಾನು ಕನ್ನಡ ಮತ್ತು ಮರಾಠಿ ಎರಡನ್ನೂ ಓದುವವರಲ್ಲಿ ಅರ್ಕಾವೊತ್ತಿನ ಪದಗಳ ಪ್ರತಿಕ್ರಿಯಾ ಸಮಯವನ್ನು ಅಳೆದೆ, ಇಂಥ ತೊಡಕು ಎದುರಾಯಿತು, ನಿಮ್ಮ ಇಂಥ ಪ್ರಬಂಧದಲ್ಲಿ ಅದನ್ನು ಬೇರೆ ರೀತಿ ಬಗೆಹರಿಸಿದ್ದೀರಿ, ಕನ್ನಡಕ್ಕೆ ಅದು ಹೊಂದುತ್ತದೆಯೇ? ಜೊತೆಗೆ ಒಂದು ಪುಟದಲ್ಲಿ ನಕ್ಷೆ ಮತ್ತು ವಿಶ್ಲೇಷಣೆ. ಎರಡು ವಾರ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ, ಆಮೇಲೆ ಮುಂದಿನ ಹೆಸರಿಗೆ ಹೋಗಿ. ಸಂದರ್ಶನಕ್ಕೆ ಕರೆ ಬಂದರೆ ಆ ಪುಟದ ಮೂರು ಪ್ರತಿಗಳನ್ನು ಮುದ್ರಿಸಿ ಒಯ್ಯಿರಿ. ಮೇಜಿನ ಆಚೆ ಕುಳಿತವರಲ್ಲಿ ಕನ್ನಡ ಬಾರದವರೇ ಹೆಚ್ಚಿರುತ್ತಾರೆ. 'ಚಕ್ರ', 'ತರ್ಕ' ಎರಡನ್ನೂ ಹಲಗೆಯ ಮೇಲೆ ದೊಡ್ಡದಾಗಿ ಬರೆದು, ರಕಾರ ಯಾವುದರಲ್ಲಿ ಎಲ್ಲಿ ಕೇಳಿಸುತ್ತದೆ ಎಂದು ಬೆರಳಿಟ್ಟು ತೋರಿಸಿ.